ಕಗ್ಗನಕುಂಟೆಯ ಸ್ಥಳ ಪರಿಶೀಲನೆ

ಗುರುರಾಜರು ಮೂವತ್ತಮೂರು ವರ್ಷ ವಿಮಾನ ಕಾರ್ಖಾನೆಯ ಅಳತೆ ವಿಭಾಗದಲ್ಲಿದ್ದು ನಿವೃತ್ತರಾದವರು. ಅವರ ಕೆಲಸ ಅಳೆಯುವುದಲ್ಲ, ಅಳೆಯುವ ಉಪಕರಣಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಅಳೆಯುವುದು. ಇಂಥ ಕೆಲಸ ಮಾಡಿದವರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಸುಲಭವಲ್ಲ. ಇಡ್ಲಿ ಒಂದು ಬದಿಗೆ ವಾಲಿದ್ದರೆ ಅವರಿಗೆ ಗೊತ್ತಾಗುತ್ತಿತ್ತು. ಎಷ್ಟು ವಾಲಿದೆ ಎಂಬುದೂ ಗೊತ್ತಾಗುತ್ತಿತ್ತು. ಗೊತ್ತಾಗದಿದ್ದದ್ದು ಹಕ್ಕಿಗಳ ವಿಷಯ ಮಾತ್ರ. ಕಾಗೆ, ಗಿಣಿ, ಪಾರಿವಾಳ ಬಿಟ್ಟರೆ ಉಳಿದವೆಲ್ಲ ಅವರಿಗೆ ‘ಆ ಇನ್ನೊಂದು’.

ಹಕ್ಕಿಗಳದು ಅವರ ಹೆಂಡತಿ ಸೀತಾಲಕ್ಷ್ಮಿಯವರ ಇಲಾಖೆ. ಇನ್ಶೂರೆನ್ಸ್ ಆಫೀಸಿಗೆ ಹೊರಡುವ ಮೊದಲು ದಿನಾ ಬೆಳಿಗ್ಗೆ ಅವರು ಕಗ್ಗನಕುಂಟೆ ಕೆರೆಗೆ ಒಂದು ಸುತ್ತು ಹಾಕಿ ಬರುತ್ತಿದ್ದರು. ವಿಮಾನ ಕಾರ್ಖಾನೆಯಿರುವ ವಿಮಾನಪುರಕ್ಕೂ ದೊಡ್ಡನೆಕ್ಕುಂದಿಗೂ ನಡುವೆ, ಎರಡೂ ಕಡೆಯವರು ಮರೆತುಬಿಟ್ಟಂತಿದ್ದ ಸಣ್ಣ ಕೆರೆ ಅದು. ಅದರ ಜೊಂಡಿನಲ್ಲಿ ಒಂದು ಜೋಡಿ ಗುಳುಮುಳುಕ. ಹಿಡಿಗಾತ್ರದ, ಬಾಲವೇ ಇಲ್ಲದ ನೀರುಹಕ್ಕಿ. ನೋಡುತ್ತಿದ್ದಂತೆ ಗುಳುಕ್ಕನೆ ಮುಳುಗಿ, ನಾವು ಎಲ್ಲಿ ನೋಡುತ್ತಿಲ್ಲವೋ ಸರಿಯಾಗಿ ಅಲ್ಲಿ ಏಳುತ್ತದೆ. ನೀರಿನ ಮೇಲೆ ಕಳೆಯನ್ನು ರಾಶಿ ಹಾಕಿ, ತೇಲುವ ಗೂಡು ಕಟ್ಟುತ್ತದೆ. ಮೂರು ವರ್ಷದಿಂದ ಸೀತಾಲಕ್ಷ್ಮಿ ಆ ಗೂಡಿನ ಮರಿಗಳಿಗಾಗಿ ಕಾಯುತ್ತಿದ್ದರು. ಮೊದಲ ವರ್ಷ ಯಾರೋ ತೂಬು ಎತ್ತಿ ನೀರು ಬಿಟ್ಟರು. ಎರಡನೇ ವರ್ಷ ನಾಯಿ. ಮೂರನೇ ವರ್ಷ ಗಣೇಶನನ್ನು ಬಿಡಲು ಬಂದವರು ಗೂಡಿನ ಮೇಲೇ ಬಿಟ್ಟುಹೋದರು. ನಾಲ್ಕನೇ ವರ್ಷ, ಡಿಸೆಂಬರಿನಲ್ಲಿ, ಎಲ್ಲವೂ ಸರಿಹೋಗಿ ಹಕ್ಕಿ ಮೊಟ್ಟೆಯ ಮೇಲೆ ಕೂತ ಒಂಬತ್ತನೇ ದಿನ, ಸೀತಾಲಕ್ಷ್ಮಿಯವರ ಎಡಮಂಡಿಯ ಆಪರೇಷನ್ನಿಗೆ ದಿನ ಗೊತ್ತಾಯಿತು.

“ಬರೋ ಬುಧವಾರದ ಹೊತ್ತಿಗೆ ಮರಿ ಆಗ್ತವೆ ರೀ,” ಎಂದರು ಸೀತಾಲಕ್ಷ್ಮಿ, ಆಪರೇಷನ್ ಮುಗಿಸಿ ಮನೆಗೆ ಬಂದು, ಕಾಲನ್ನು ದಿಂಬಿನ ಮೇಲೆ ಚಾಚಿ ಮಲಗಿದಲ್ಲಿಂದಲೇ. “ಹುಟ್ಟಿದ ತಕ್ಷಣ ಬೆನ್ನ ಮೇಲೆ ಹತ್ತಿಸ್ಕೊಂಡು ಓಡಾಡ್ತವೆ. ಒಂದು ವಾರ, ಹೆಚ್ಚು ಅಂದ್ರೆ ಹತ್ತು ದಿನ. ಆಮೇಲೆ ಇಳಿದು ಅವುಗಳ ಪಾಡಿಗೆ ಅವು. ನಂಗೆ ಆರು ವಾರ ಮೆಟ್ಟಿಲು ಇಳಿಯೋ ಹಾಗಿಲ್ಲ.”

ಮನೆ ಎರಡನೇ ಮಹಡಿ. ಲಿಫ್ಟ್ ಇರಲಿಲ್ಲ.

“ಅಷ್ಟೇ ತಾನೆ? ಫೋಟೋ ತೆಗೆದು ತಂದ್ಬಿಡ್ತೀನಿ,” ಎಂದರು ಗುರುರಾಜರು.

ಆರು ಇಲಾಖೆಗಳಿಗೆ ಹೋದ ಹನ್ನೊಂದು ದೂರವಾಣಿ ಕರೆಗಳಿಗೂ, ಒಂದು ಜೆಸಿಬಿಗೂ, ಒಂದು ಸರ್ಕಾರಿ ಜೀಪಿಗೂ ಈ ಒಂದು ವಾಕ್ಯವೇ ಕಾರಣವೆಂದು ಆಗ ಯಾರಿಗೂ ಅನ್ನಿಸಲಿಲ್ಲ.

ಮರುದಿನ ಬೆಳಿಗ್ಗೆ ಅವರು ಬರಿಯ ಫೋನಿನಲ್ಲಿ ತೆಗೆದು ತಂದ ಚಿತ್ರವನ್ನು ಸೀತಾಲಕ್ಷ್ಮಿ ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

“ಇದು ಹಕ್ಕಿನಾ, ಫೋನಿನ ಮೇಲಿರೋ ಧೂಳಾ?”

“ಹಕ್ಕಿನೇ. ನೂರಾ ಹತ್ತು ಮೀಟರ್ ದೂರದಲ್ಲಿದೆ.”

“ದೂರ ಎಷ್ಟು ಅಂತ ನಾನು ಕೇಳ್ಲಿಲ್ಲ.”

ಹೀಗಾಗಿ ಶನಿವಾರ ಗುರುರಾಜರು ಶಿವಾಜಿನಗರಕ್ಕೆ ಹೋದರು. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಖಾದರ್ ಎಂಬವರ ಅಂಗಡಿ. ಹಳೇ ಕ್ಯಾಮೆರಾ, ಹಳೇ ದುರ್ಬೀನು, ಹಳೇ ಪ್ರೊಜೆಕ್ಟರುಗಳ ನಡುವೆ ಖಾದರ್ ಸಾಹೇಬರಿಗೆಂದು ಎರಡು ಅಡಿ ಜಾಗ ಉಳಿದಿತ್ತು. ಗಿರಾಕಿಗೆ ಒಂದು ಅಡಿ. ಅಲ್ಲಿ ಒಂಟಿಕಣ್ಣಿನ ಒಂದು ಉದ್ದ ದುರ್ಬೀನು ಸಿಕ್ಕಿತು, ಹಕ್ಕಿ ನೋಡುವವರು ಸ್ಪಾಟಿಂಗ್ ಸ್ಕೋಪ್ ಎನ್ನುವಂಥದ್ದು. ಅದಕ್ಕೆ ಫೋನನ್ನು ಜೋಡಿಸಬೇಕು. ಗುರುರಾಜರು ಜೇಬಿನಿಂದ ನಕ್ಷೆ ತೆಗೆದರು. ಮೇಲಿನ ನೋಟ, ಮುಂದಿನ ನೋಟ, ಪಕ್ಕದ ನೋಟ. ಪ್ರತಿ ಅಳತೆಗೂ ಎಷ್ಟು ಹೆಚ್ಚುಕಡಿಮೆಯಾದರೆ ಪರವಾಗಿಲ್ಲ ಎಂಬ ಟಿಪ್ಪಣಿ.

ಖಾದರ್ ನಕ್ಷೆಯನ್ನು ಗೌರವದಿಂದ ನೋಡಿ, ಮಡಚಿ, ಅದರ ಮೇಲೆ ಟೀ ಲೋಟ ಇಟ್ಟರು.

“ದೇಖೋ ಸಾಬ್. ಫೋನಿಗೆ ಒಂದು ಕಣ್ಣಿದೆ. ಇದಕ್ಕೂ ಒಂದು ಕಣ್ಣಿದೆ. ಕಣ್ಣಿಗೆ ಕಣ್ಣು ಸೇರಿಸೋದು ಮದುವೆ ಕೆಲಸ ಸಾಬ್, ಲೇತ್ ಕೆಲಸ ಅಲ್ಲ. ಜಾಸ್ತಿ ಹತ್ತಿರ ತಂದ್ರೆ ಕತ್ತಲೆ. ಜಾಸ್ತಿ ದೂರ ಇಟ್ರೂ ಕತ್ತಲೆ. ಬೀಚ್ ಮೇ, ನಡುವೆ, ಒಂದು ಜಾಗ ಇರುತ್ತೆ.”

“ಹದಿನೆಂಟು ಮಿಲಿಮೀಟರು,” ಎಂದರು ಗುರುರಾಜರು.

“ಅದು ನಿಮಗೆ ಗೊತ್ತು. ಅದಕ್ಕೆ ಗೊತ್ತಿರಬೇಕಲ್ಲ?”

ಖಾದರ್ ಸ್ಟೀಲ್ ಡಬ್ಬಿಯ ಮುಚ್ಚಳವೊಂದರ ನಡುವೆ ತೂತು ಕೊರೆದು, ಕುಕ್ಕರಿನ ಹಳೇ ರಬ್ಬರು ಸುತ್ತಿ, ಫೋನಿನ ಕವರಿಗೆ ಎರಡು ಸ್ಕ್ರೂ ಹಾಕಿ, ಅರ್ಧ ಗಂಟೆಯಲ್ಲಿ ಮದುವೆ ಮುಗಿಸಿದರು. ಅಳೆದಾಗ ಹದಿನೆಂಟು ಮಿಲಿಮೀಟರೇ ಇತ್ತು. ಗುರುರಾಜರಿಗೆ ಇದರಿಂದ ಸ್ವಲ್ಪ ಬೇಸರವಾಯಿತು.

“ಸ್ಟ್ಯಾಂಡ್ ಗಟ್ಟಿ ಇರಬೇಕು ಸಾಬ್. ಇಷ್ಟು ದೂರದ ಚಿತ್ರ ಉಸಿರಾಡಿದ್ರೂ ಅಲ್ಲಾಡುತ್ತೆ,” ಎಂದು ಖಾದರ್ ಅಟ್ಟದಿಂದ ಮೂರು ಕಾಲಿನ ಒಂದು ಮರದ ಸ್ಟ್ಯಾಂಡು ಇಳಿಸಿದರು. ಹಳದಿ ಬಣ್ಣ, ತುದಿಗೆ ಕಬ್ಬಿಣದ ಮೊನೆ, ಎರಡು ಬೆಕ್ಕಿನಷ್ಟು ಧೂಳು. “ಸರ್ವೆ ಇಲಾಖೆಯ ಹಳೇ ಮಾಲು. ಭೂಕಂಪ ಆದ್ರೂ ನಿಂತಿರುತ್ತೆ.”

ಸೋಮವಾರ ಬೆಳಿಗ್ಗೆ ಆರೂವರೆಗೆ ಕೆರೆಯ ಮೇಲೆ ಮಂಜು ಮಲಗಿತ್ತು. ನೀರೆಲ್ಲಿ ಮುಗಿಯಿತು, ಆಕಾಶವೆಲ್ಲಿ ಶುರುವಾಯಿತು ಎಂಬುದನ್ನು ಅಳೆದು ಹೇಳುವುದು ಗುರುರಾಜರಿಗೂ ಸಾಧ್ಯವಿರಲಿಲ್ಲ. ಅವರು ತಮ್ಮ ಕಾರ್ಖಾನೆಯ ದಿನಗಳ ಕಿತ್ತಳೆ ಜಾಕೆಟ್ ತೊಟ್ಟಿದ್ದರು. ಕತ್ತಲಲ್ಲಿ ಬೈಕಿನವರು ಗುದ್ದಿಬಿಡುತ್ತಾರೆಂದು ಸೀತಾಲಕ್ಷ್ಮಿಯವರೇ ಹಾಕಿಸಿ ಕಳಿಸಿದ್ದರು. ದಂಡೆಯ ಕಾಲುದಾರಿಯಲ್ಲಿ ಹಳದಿ ಸ್ಟ್ಯಾಂಡು ಊರಿ, ದುರ್ಬೀನು ಕೂರಿಸಿ, ಫೋನು ಸಿಕ್ಕಿಸಿ ನೋಡಿದರು. ಪರದೆ ತುಂಬ ಕಪ್ಪು. ನಡುವೆ ಒಂದು ಸಣ್ಣ, ಬೆಳ್ಳನೆಯ, ಅಲುಗುವ ಚಂದ್ರ.

ಖಾದರ್‌ಗೆ ಫೋನು ಮಾಡಿದರು. ಅದಕ್ಕಾಗಿ ಫೋನನ್ನು ದುರ್ಬೀನಿನಿಂದ ಬಿಚ್ಚಬೇಕಾಯಿತು.

“ಚಾಂದ್ ಕಾಣ್ತಾ ಇದೆಯಾ ಸಾಬ್? ಬಹುತ್ ಅಚ್ಛಾ. ಈಗ ನಿಧಾನ ಮೇಲೆ ಕೆಳಗೆ ಸರಿಸಿ. ಹುಣ್ಣಿಮೆ ಆಗೋವರ್ಗೂ ಬಿಡಬೇಡಿ.”

ಹುಣ್ಣಿಮೆ ಆಗುವಷ್ಟರಲ್ಲಿ ಏಳೂಮುಕ್ಕಾಲಾಯಿತು. ಫೋನಿಗೆ ಬೆರಳು ತಗಲಿದರೂ ಚಿತ್ರ ನಡುಗುತ್ತದೆಂದು ಕಂಡುಕೊಂಡು, ಇಯರ್‌ಫೋನಿನ ವೈರು ಸಿಕ್ಕಿಸಿ, ಅದರ ಗುಂಡಿಯಿಂದ ಫೋಟೋ ಒತ್ತುವ ಉಪಾಯ ಮಾಡಿದರು. ವೈರಿನ ತುದಿಯನ್ನು ಎಲ್ಲಿಡುವುದೆಂದು ತಿಳಿಯದೆ ಕಿವಿಗೆ ಸಿಕ್ಕಿಸಿಕೊಂಡರು. ಹೊರಡುವಾಗ, ನಾಳೆಯೂ ಸ್ಟ್ಯಾಂಡು ಕೂದಲೆಳೆಯಷ್ಟೂ ಆಚೀಚೆಯಾಗಬಾರದೆಂದು, ಮೂರು ಕಾಲು ಊರಿದ ಜಾಗಕ್ಕೂ ಕೆಂಪು ಬಣ್ಣದ ಗುರುತು ಹಾಕಿ, 1, 2, 3 ಎಂದು ಬರೆದರು. ಅಳತೆ ವಿಭಾಗದವರು ಯಾರಾದರೂ ಇದನ್ನೇ ಮಾಡುತ್ತಿದ್ದರು. ಆದರೆ ಕಾಲುದಾರಿ ಸಣ್ಣದು. ಮೂರನೇ ಗುರುತು ಪಕ್ಕದ ಕಾಂಪೌಂಡ್ ಗೋಡೆಯ ಬುಡದ ಮೇಲೆ ಬಿತ್ತು.

ಬೆಂಗಳೂರಿನ ಯಾವುದೇ ಕೆರೆಯ ದಂಡೆಯಲ್ಲಿ, ಕಿತ್ತಳೆ ಜಾಕೆಟ್ ತೊಟ್ಟ ಒಬ್ಬ ಮನುಷ್ಯ, ಹಳದಿ ಸ್ಟ್ಯಾಂಡಿನ ಹಿಂದೆ ಬಗ್ಗಿ ನಿಂತು, ಪುಸ್ತಕದಲ್ಲಿ ಏನೋ ಬರೆದು, ಗೋಡೆಗೆ ಕೆಂಪು ಬಣ್ಣ ಬಳಿದರೆ ಏನರ್ಥ ಎಂಬುದು ಈ ಊರಿನಲ್ಲಿ ಹುಟ್ಟಿದ ಎಮ್ಮೆಗೂ ಗೊತ್ತು. ಚಿನ್ನಪ್ಪನವರ ಎಮ್ಮೆಗಳು ಆ ಹೊತ್ತಿನಲ್ಲಿ ಅಲ್ಲೇ ಇದ್ದವು. ಅವುಗಳ ಕೊಟ್ಟಿಗೆಯ ಹಿಂಗೋಡೆ ಕೆರೆಯೊಳಕ್ಕೆ ಎಂಟು ಅಡಿ ಬಂದಿತ್ತು.

“ಏನ್ ಸಾಮಿ ನೋಡ್ತಾ ಇದೀರಾ?” ಎಂದು ಮಂಗಳವಾರ ಬೆಳಿಗ್ಗೆ ಚಿನ್ನಪ್ಪ ಕೇಳಿದರು.

“ಹಕ್ಕಿ ನೋಡ್ತಾ ಇದೀನಿ,” ಎಂದರು ಗುರುರಾಜರು.

ಚಿನ್ನಪ್ಪ ತಲೆಯಾಡಿಸಿ, ನೇರ ಹೋಗಿ ರೇವತಿಯವರ ಗೇಟು ಬಡಿದರು. ಕೆಂಪು ಗುರುತು ಬಿದ್ದ ಗೋಡೆ ರೇವತಿಯವರದು. ಅವರು ಅಲ್ಲಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಪಿ.ಜಿ. ನಡೆಸುತ್ತಿದ್ದರು. ಎರಡು ಮಹಡಿಗೆ ಪ್ಲಾನು ಇತ್ತು. ಮೂರನೆಯದಕ್ಕೆ ಧೈರ್ಯವಿತ್ತು.

“ಹಕ್ಕಿ ನೋಡ್ತಾವ್ನಂತೆ ಕಣಮ್ಮಾ. ಎಂಥಾ ಗಟ್ಟಿ ಆಸಾಮಿ ಅಂತೀನಿ. ಬಾಯೇ ಬಿಡಲ್ಲ.”

“ಗೋಡೆ ಮೇಲೆ ಮೂರು ಅಂತ ಬರ್ದಿದಾರೆ ಚಿನ್ನಪ್ಪಾ! ಮೂರು ಅಂದ್ರೆ ಏನು?”

“ಮೂರಡಿ ಒಡೀತಾರೆ ಅಂತ.”

“ಇಲ್ಲ, ಮೂರನೇ ಮಹಡಿ ಅಂತ,” ಎಂದರು ರೇವತಿ, ಕುಳಿತುಕೊಳ್ಳುತ್ತ.

ಹತ್ತು ನಿಮಿಷದಲ್ಲಿ ಅವರು ಹಬೆಯಾಡುವ ಕಾಫಿ ಹಿಡಿದು ದಂಡೆಗೆ ಬಂದರು. ಕಂಕುಳಲ್ಲಿ ಒಂದು ಫೈಲು.

“ಸಾರ್, ಕಾಪಿ ತಗೊಳ್ಳಿ ಸಾರ್. ನಮ್ದು ಎ ಖಾತಾ ಸಾರ್. ಟ್ಯಾಕ್ಸ್ ಎಲ್ಲಾ ಕಟ್ಟಿದೀನಿ, ಒಂದ್ಸಲ ಕಣ್ಣಾಡ್ಸಿ.”

“ಅಮ್ಮಾ, ನಾನು ಯಾವ ಪೇಪರೂ ನೋಡಲ್ಲ. ನೋಡೋದು ಹಕ್ಕಿ ಮಾತ್ರ,” ಎಂದ ಗುರುರಾಜರು ಕಾಫಿ ಮಾತ್ರ ತೆಗೆದುಕೊಂಡರು. ಕಾಫಿ ಚೆನ್ನಾಗಿತ್ತು. ತಮ್ಮ ಏರಿಯಾದ ಜನ ಇಷ್ಟು ಒಳ್ಳೆಯವರೆಂದು ಅವರಿಗೆ ಅಷ್ಟು ವರ್ಷ ತಿಳಿದಿರಲಿಲ್ಲ.

“ಪೇಪರ್ ಮುಟ್ಟಲ್ಲ ಅಂದ್ರು,” ಎಂದು ರೇವತಿ ಚಿನ್ನಪ್ಪನವರಿಗೆ ಪಿಸುಗುಟ್ಟಿದರು. “ಕಿವೀಲಿ ವೈರ್ ಹಾಕ್ಕೊಂಡು ಮೇಲಿನವ್ರ ಹತ್ರ ಮಾತಾಡ್ತಾನೇ ಇದಾರೆ.”

ಮನೆಯಲ್ಲಿ ಆ ದಿನದ ಚಿತ್ರಗಳ ಪರೀಕ್ಷೆ ನಡೆಯಿತು. ಮೊದಲನೆಯದು ಬರೀ ಮಂಜು. ಎರಡನೆಯದು ಗುರುರಾಜರ ಹೆಬ್ಬೆರಳು. ಮೂರನೆಯದು ಮಾತ್ರ ಅದ್ಭುತ. ಒಂದೊಂದು ರೋಮವೂ ಎಣಿಸುವಷ್ಟು ಸ್ಪಷ್ಟ.

“ಇದು ಎಮ್ಮೆ ಕಿವಿ ರೀ.”

“ಹೌದು. ಆದ್ರೆ ಫೋಕಸ್ ನೋಡು!”

ಸೀತಾಲಕ್ಷ್ಮಿ ನಕ್ಕರು. ಆಮೇಲೆ ಕಿಟಕಿಯ ಕಡೆ ತಿರುಗಿ, “ನಾಳೆ ಬುಧವಾರ,” ಎಂದರು. ಆ ಕಿಟಕಿಯಿಂದ ಕೆರೆ ಕಾಣುತ್ತಿರಲಿಲ್ಲ. ಎದುರುಮನೆಯ ನೀರಿನ ಟ್ಯಾಂಕು ಕಾಣುತ್ತಿತ್ತು. ಅವರು ಅದನ್ನೇ ಬಹಳ ಹೊತ್ತು ನೋಡುತ್ತಿದ್ದರು.

ಬುಧವಾರ ಗುರುರಾಜರು ದಂಡೆಗೆ ಬಂದಾಗ ಅಲ್ಲಿ ಯುದ್ಧ ನಡೆದಿತ್ತು. ಚಿನ್ನಪ್ಪ ಮತ್ತು ಅವರ ಇಬ್ಬರು ಅಳಿಯಂದಿರು ಕೊಟ್ಟಿಗೆಯ ಹಿಂಗೋಡೆಯನ್ನು ಹಾರೆಯಿಂದ ಕೆಡವುತ್ತಿದ್ದರು. ರೇವತಿಯವರ ಮೂರನೇ ಮಹಡಿಯಿಂದ ತಗಡಿನ ಶೀಟುಗಳು ಒಂದೊಂದಾಗಿ ಕೆಳಗೆ ಬೀಳುತ್ತಿದ್ದವು. ಬಿದ್ದಾಗಲೆಲ್ಲ ಕೆರೆಯ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದು ಒಟ್ಟಿಗೆ ಕೂರುತ್ತಿದ್ದವು.

ಗುರುರಾಜರು ಫೋನು ಸಿಕ್ಕಿಸಿ ನೋಡಿದರು. ಗೂಡಿನ ಮೇಲಿದ್ದ ಹಕ್ಕಿ ಕತ್ತೆತ್ತಿ ಅತ್ತಿತ್ತ ನೋಡುತ್ತಿತ್ತು. ಇನ್ನೊಂದು ಶೀಟು ಬಿತ್ತು. ಹಕ್ಕಿ ಎದ್ದು, ಒದ್ದೆ ಕಳೆಯನ್ನು ಕೊಕ್ಕಿನಿಂದ ಎಳೆದೆಳೆದು ಮೊಟ್ಟೆಗಳ ಮೇಲೆ ಮುಚ್ಚಿತು, ಎಷ್ಟೇ ಅವಸರವಿದ್ದರೂ ಮನೆಗೆ ಬೀಗ ಹಾಕಿ ಹೋಗುವವರ ಹಾಗೆ. ಮುಚ್ಚಿ, ನೀರಿಗಿಳಿದು, ಮುಳುಗಿತು. ಏಳಲಿಲ್ಲ.

ಚಳಿ ಬೆಳಗು. ಇವತ್ತೇ ಒಡೆಯಬೇಕಾದ ಮೊಟ್ಟೆ. ಗುರುರಾಜರಿಗೆ ಹಕ್ಕಿಯ ವಿಷಯ ಗೊತ್ತಿಲ್ಲದಿದ್ದರೂ ಉಷ್ಣಾಂಶದ ವಿಷಯ ಚೆನ್ನಾಗಿ ಗೊತ್ತಿತ್ತು. ಮೂವತ್ತಮೂರು ವರ್ಷದ ಸೇವೆಯಲ್ಲಿ ಒಮ್ಮೆಯೂ ಏರಿಸದ ದನಿಯಲ್ಲಿ ಅವರು ಕೂಗಿದರು:

“ನಿಲ್ಲಿಸ್ರೀ!”

ಹಾರೆ ಗಾಳಿಯಲ್ಲೇ ನಿಂತಿತು.

“ನಾನು ಹೇಳೋವರೆಗೂ ಇಲ್ಲಿ ಒಂದು ಇಟ್ಟಿಗೆನೂ ಅಲ್ಲಾಡಬಾರದು! ಯಾರೂ ದಂಡೆಗೆ ಇಳೀಬಾರದು! ಗಟ್ಟಿಯಾಗಿ ಮಾತೂ ಆಡಬಾರದು!”

“ಆರ್ಡರ್ ಏನಾದ್ರೂ ಐತಾ ಸಾಮಿ?” ಎಂದರು ಚಿನ್ನಪ್ಪ, ಮೆಲ್ಲಗೆ.

ಇವರೆಲ್ಲ ತಮ್ಮನ್ನು ಯಾರೆಂದುಕೊಂಡಿದ್ದಾರೆಂದು ಗುರುರಾಜರಿಗೆ ಈಗ ಹೊಳೆಯಿತು. ಇಲ್ಲಿ ಅವರು ನಿಜ ಹೇಳಬಹುದಿತ್ತು. ಈವರೆಗೆ ನಿಜ ಹೇಳಿ ಬಂದ ಫಲವೇನೆಂದು ಅವರ ಕಣ್ಣೆದುರೇ ಇತ್ತು.

“ಐತೆ,” ಎಂದರು. “ಬಾಯಿಮಾತಿನ ಆರ್ಡರು.”

“ಬಾಯಿಮಾತಲ್ಲಿ ಹೇಳ್ತಾವ್ರೆ ಅಂದ್ರೆ,” ಎಂದು ಚಿನ್ನಪ್ಪ ಹಾರೆ ಕೆಳಗಿಟ್ಟು ಅಳಿಯಂದಿರಿಗೆ ಹೇಳಿದರು, “ಬೋ ಮೇಲಿನವ್ರು ಕಣ್ರಲಾ.”

ನಲವತ್ತೊಂದು ನಿಮಿಷದ ಮೇಲೆ ಗೂಡಿನ ಪಕ್ಕ ನೀರು ಒಡೆದು ಹಕ್ಕಿ ಎದ್ದಿತು. ಕಳೆ ಸರಿಸಿ ಕೂತಿತು. ಗುರುರಾಜರು ನೋಟ್‌ಬುಕ್ಕಿನಲ್ಲಿ ಸಮಯ ಬರೆದುಕೊಂಡರು. ಅಕ್ಷರ ವಕ್ರವಾಗಿತ್ತು.

ಮುಂದಿನ ಎರಡು ದಿನ ಕಗ್ಗನಕುಂಟೆಯಲ್ಲಿ ಎಂದೂ ಇಲ್ಲದ ಮೌನ. ಚಿನ್ನಪ್ಪ ಎಮ್ಮೆಗಳ ಕೊರಳಗಂಟೆಗೆ ಬಟ್ಟೆ ಸುತ್ತಿದರು. ರೇವತಿಯವರ ಪಿ.ಜಿ.ಯ ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು ಗೇಟು ದಾಟಿದರು. ಕಸ ಸುರಿಯಲು ಬರುತ್ತಿದ್ದ ಲಾರಿ ತಿರುವಿನಲ್ಲೇ ಕಿತ್ತಳೆ ಜಾಕೆಟ್ ಕಂಡು ಹಿಂದಕ್ಕೆ ಹೋಯಿತು. ಮಂಜು ಎಂಟರವರೆಗೂ ಏಳಲು ಮನಸ್ಸಿಲ್ಲದೆ ಜೊಂಡಿನ ಮೇಲೆ ಬಿದ್ದುಕೊಂಡಿರುತ್ತಿತ್ತು. ಅದರೊಳಗಿಂದ ಎಲ್ಲೋ ಒಂದು ನಾಮದಕೋಳಿ ಕೂಗಿದರೆ, ಆ ಕೂಗು ನೀರನ್ನು ಮುಟ್ಟಿ, ದಂಡೆಯನ್ನು ಮುಟ್ಟಿ, ಇಷ್ಟು ದಿನ ಎಲ್ಲಿ ಹೋಗುತ್ತಿತ್ತೋ ಎಂಬಂತೆ ಮೆಲ್ಲಗೆ ತಿರುಗಿ ಬರುತ್ತಿತ್ತು. ಮೇಲೆ ಮಾತ್ರ ಕಾರ್ಖಾನೆಯ ಒಂದು ಹೆಲಿಕಾಪ್ಟರು ಆಗೊಮ್ಮೆ ಈಗೊಮ್ಮೆ ಸುತ್ತುತ್ತಿತ್ತು. ಅದೂ ಇವರೇ ಕರೆಸಿದ್ದೆಂದು ಚಿನ್ನಪ್ಪ ನಂಬಿದ್ದರು.

ಹಕ್ಕಿ ಗೂಡು ಬಿಟ್ಟೇಳಲಿಲ್ಲ. ಶುಕ್ರವಾರ ಅದರ ರೆಕ್ಕೆಯ ಕೆಳಗಿಂದ ಬೆರಳುಗುರಿನಷ್ಟು ಏನೋ ಒಂದು ಇಣುಕಿ ಒಳಗೆ ಹೋಯಿತು. ಗುರುರಾಜರು ಗುಂಡಿ ಒತ್ತುವಷ್ಟರಲ್ಲಿ ಬರೀ ರೆಕ್ಕೆ ಉಳಿದಿತ್ತು. ಫೋಟೋ ನೋಡಿ ಸೀತಾಲಕ್ಷ್ಮಿ ಪರದೆಯ ಮೇಲಿನ ಆ ರೆಕ್ಕೆಯನ್ನು ಬೆರಳಿನಿಂದ ಒಮ್ಮೆ ಸವರಿದರು, ಎತ್ತಿ ನೋಡಬಹುದೇನೋ ಎಂಬ ಹಾಗೆ.

“ಆಗಿವೆ ರೀ,” ಎಂದರು. “ನಾಲ್ಕು ವರ್ಷಕ್ಕೆ ಆಗಿವೆ. ನಾಳೆ ನೀರಿಗಿಳೀತವೆ. ಬಿಡಬೇಡಿ.”

ಶನಿವಾರ ಏಳು ಗಂಟೆಗೆ ಫೋನಿನ ಪರದೆಯಲ್ಲಿ ಹುಣ್ಣಿಮೆ. ಅಂಚಿನಲ್ಲಿ ಒಂದಿಷ್ಟೂ ಕಪ್ಪಿಲ್ಲ. ಆ ದುಂಡನೆಯ ಬೆಳಕಿನೊಳಗೆ ಜೊಂಡು ಚಿನ್ನದ ಬಣ್ಣಕ್ಕೆ ತಿರುಗಿತ್ತು. ಗುರುರಾಜರ ಹೆಬ್ಬೆರಳು ವೈರಿನ ಗುಂಡಿಯ ಮೇಲೆ ಕಾಯುತ್ತಿತ್ತು. ಆಗ ಹಿಂದಿನಿಂದ ಒಂದು ಜೀಪು, ಅದರ ಹಿಂದೆ ಒಂದು ಜೆಸಿಬಿ ಬಂದು ನಿಂತವು.

ಜೀಪಿನಿಂದ ಇಳಿದವರು ಕೈ ಮುಗಿದೇ ಇಳಿದರು.

“ನಮಸ್ಕಾರ ಸಾರ್. ನಾನು ಶ್ರೀನಿವಾಸ್, ಕೆರೆ ವಿಭಾಗದ ಅಸಿಸ್ಟೆಂಟ್ ಇಂಜಿನಿಯರ್. ಒಂದು ವಾರದಿಂದ ನಮ್ಮ ಆಫೀಸಿಗೆ ಫೋನೋ ಫೋನು. ಯಾರೋ ಸರ್ವೆ ಮಾಡ್ತಿದಾರೆ, ಯಾರು, ಯಾರು ಅಂತ. ಆರು ಡಿಪಾರ್ಟ್‌ಮೆಂಟ್ ಕೇಳಿದ್ವಿ ಸಾರ್, ಎಲ್ಲರೂ ನಮ್ಮವರಲ್ಲ ಅಂದ್ರು. ನೀವು ಬರ್ತೀರ ಅಂತ ಒಂದು ಮಾತು ಹೇಳಿದ್ರೆ ಮೊದಲೇ ಕ್ಲೀನ್ ಮಾಡಿಸಿರ್ತಿದ್ವಿ. ಈಗ ನೋಡಿ, ಅರ್ಧ ಗಂಟೇಲಿ ಈ ಜೊಂಡು ಗಿಂಡು ಎಲ್ಲಾ ಕಿತ್ತು ಹಾಕಿಸ್ತೀನಿ.”

“ಅಯ್ಯಯ್ಯೋ, ಬೇಡ!” ಎಂದರು ಗುರುರಾಜರು. “ನಾನು ಸರ್ವೆಯವನಲ್ಲ ರೀ. ನಾನು ವಿಮಾನಪುರದವನು. ಹಕ್ಕಿ ಫೋಟೋ ತೆಗೀತಿದೀನಿ, ಅಷ್ಟೇ.”

ವಿಮಾನಪುರ ಎಂದ ಕೂಡಲೇ ಶ್ರೀನಿವಾಸರ ಬೆನ್ನು ನೆಟ್ಟಗಾಯಿತು. ಕೇಂದ್ರ ಸರ್ಕಾರ. ರಕ್ಷಣಾ ಇಲಾಖೆ.

“ಮೊದಲ ದಿನದಿಂದ ಇದ್ನೇ ಹೇಳ್ತಾವ್ರೆ ಸಾರ್,” ಎಂದರು ಹಿಂದಿನಿಂದ ಚಿನ್ನಪ್ಪ, ಹೆಮ್ಮೆಯಿಂದ. “ನಾವೂ ಎಷ್ಟ್ ಕೆದಕಿದ್ರೂ ಅಷ್ಟೇ.”

“ಅರ್ಥ ಆಯ್ತು ಸಾರ್. ಹೇಳೋ ಹಾಗಿಲ್ಲ,” ಎಂದು ಶ್ರೀನಿವಾಸ್ ದನಿ ತಗ್ಗಿಸಿದರು. “ಫೋಟೋ ಯಾರಿಗೆ ಸಾರ್ ಹೋಗುತ್ತೆ?”

“ನನ್ನ ಹೆಂಡತಿಗೆ.”

“ಮೇಡಂಗೆ!”

“ಹೌದು. ಅವರು ನೋಡೋವರೆಗೂ ನೀವು ಇಲ್ಲಿ ಒಂದು ಎಲೆನೂ ಕೀಳಬಾರದು.”

“ಮೇಡಂ ಡಿಫೆನ್ಸಾ?” ಎಂದು ರೇವತಿ ಚಿನ್ನಪ್ಪನವರನ್ನು ಕೇಳಿದರು. “ಗಂಡನ್ನೇ ಸ್ಪಾಟಿಗೆ ಕಳ್ಸಿದಾರೆ ನೋಡು.”

ಆದರೆ ಜೆಸಿಬಿಯವನಿಗೆ ಇದ್ಯಾವುದೂ ಕೇಳಿಸಿರಲಿಲ್ಲ. ಅವನು ಯಂತ್ರವನ್ನು ಅಬ್ಬರಿಸುತ್ತ ದಂಡೆಯ ಇಳಿಜಾರಿಗೆ ತಿರುಗಿಸಿದ್ದ. ಅದೇ ಗಳಿಗೆಯಲ್ಲಿ ಪರದೆಯೊಳಗಿನ ಹುಣ್ಣಿಮೆಯಲ್ಲಿ ಜೊಂಡು ಸರಿಯಿತು. ಗುಳುಮುಳುಕ ಹೊರಗೆ ಬಂತು. ಅದರ ಬೆನ್ನ ಮೇಲೆ, ರೆಕ್ಕೆಗಳ ನಡುವೆ, ಎರಡು ಪುಟ್ಟ ತಲೆಗಳು.

ವಾರಪೂರ್ತಿ ಕಾದ ಚಿತ್ರ, ಎಲ್ಲ ಅಳತೆಗಳೂ ಸರಿಯಾಗಿ ಕೂಡಿ, ಒಂದು ಹೆಬ್ಬೆರಳಿನ ದೂರದಲ್ಲಿತ್ತು. ಗುರುರಾಜರು ಜೆಸಿಬಿ ನೋಡಿದರು. ಶ್ರೀನಿವಾಸರನ್ನು ನೋಡಿದರು. ಗುಂಡಿ ಒತ್ತಿ, ಫೋಟೋ ತೋರಿಸಿ ನಂಬಿಸುವಷ್ಟರಲ್ಲಿ ಜೆಸಿಬಿ ಜೊಂಡಿನೊಳಗೆ ಇಳಿದಿರುತ್ತದೆ. ಎಮ್ಮೆಯ ಕಿವಿ ಎಂದರೂ ಎಂದಾರು. ದುರ್ಬೀನಿಗೆ ಫೋನು ಕೂತಿದ್ದರೆ ಕಣ್ಣಿಡಲಾಗುವುದಿಲ್ಲ, ಕಣ್ಣಿಟ್ಟರೆ ಫೋಟೋ ಇಲ್ಲ.

ಅವರು ಡಬ್ಬಿಯ ಮುಚ್ಚಳವನ್ನು ತಿರುಪಿ ಫೋನು ಕಿತ್ತರು.

“ಬನ್ನಿ ಇಲ್ಲಿ,” ಎಂದು ಶ್ರೀನಿವಾಸರ ತೋಳು ಹಿಡಿದೆಳೆದರು. “ಕಣ್ಣಿಡಿ. ಉಸಿರು ಬಿಡಬೇಡಿ.”

ಶ್ರೀನಿವಾಸರು ಹತ್ತೊಂಬತ್ತು ವರ್ಷ ಕೆರೆ ವಿಭಾಗದಲ್ಲಿದ್ದವರು. ಕೆರೆಗಳನ್ನು ಎಕರೆಯಲ್ಲಿ, ಗುಂಟೆಯಲ್ಲಿ, ಅಂದಾಜು ಪಟ್ಟಿಯಲ್ಲಿ ಕಂಡವರು. ಬಗ್ಗಿ ಕಣ್ಣಿಟ್ಟರು.

“ಬೆನ್ನ ಮೇಲೆ ಏನೋ ಇದೆಯಲ್ಲ ಸಾರ್?”

“ಮರಿ.”

“ಎರಡು ಇದಾವೆ... ಮುಖದ ಮೇಲೆ ಪಟ್ಟೆ ಪಟ್ಟೆ.” ಅವರ ದನಿ ಬೇರೆಲ್ಲಿಂದಲೋ ಬರುತ್ತಿತ್ತು. “ಅಮ್ಮ ಏನೋ ತಿನ್ನಿಸ್ತಾ ಇದೆ. ಅಯ್ಯೋ, ಪುಕ್ಕ ತಿನ್ನಿಸ್ತಾ ಇದೆ ಸಾರ್!”

ಕಣ್ಣು ತೆಗೆಯದೆಯೇ ಶ್ರೀನಿವಾಸ್ ಒಂದು ಕೈಯನ್ನು ಹಿಂದಕ್ಕೆ ಎತ್ತಿದರು. ಜೆಸಿಬಿ ಕೆಮ್ಮಿ, ನಡುಗಿ, ಸುಮ್ಮನಾಯಿತು. ಮೌನ ಮತ್ತೆ ನೀರಿನ ಮೇಲೆ ಹರಡಿಕೊಂಡಿತು. ಅವರು ತಲೆ ಎತ್ತುವಷ್ಟರಲ್ಲಿ ಹಕ್ಕಿ ಜೊಂಡಿನೊಳಗೆ ಹೋಗಿಬಿಟ್ಟಿತ್ತು. ಗುರುರಾಜರ ಕೈಯಲ್ಲಿ ಫೋನು ಇತ್ತು, ಫೋನಿನಲ್ಲಿ ಏನೂ ಇರಲಿಲ್ಲ.

“ಮೇಡಂ ಯಾವಾಗ ಇನ್ಸ್‌ಪೆಕ್ಷನ್‌ಗೆ ಬರ್ತಾರೆ ಸಾರ್?” ಎಂದರು ಶ್ರೀನಿವಾಸ್, ಕಣ್ಣುಜ್ಜಿಕೊಳ್ಳುತ್ತ.

“ಅವರಿಗೆ ಮಂಡಿ ಆಪರೇಷನ್ ಆಗಿದೆ ರೀ. ಮನೆ ಎರಡನೇ ಮಹಡಿ. ಹೇಗೆ ಬರ್ತಾರೆ? ಅದಕ್ಕೇ ತಾನೆ ನಾನು ಫೋಟೋ...” ಗುರುರಾಜರು ಕೈಯಲ್ಲಿದ್ದ ಫೋನನ್ನು ತೋರಿಸಿ ಜೇಬಿಗೆ ಹಾಕಿಕೊಂಡರು.

“ಅದಕ್ಯಾಕೆ ಸಾರ್ ಇಷ್ಟು ಬೇಜಾರು? ನಾವಿಲ್ವಾ? ನಾಳೆ ಆರೂವರೆಗೆ ವ್ಯವಸ್ಥೆ ಮಾಡ್ತೀವಿ.”

ಭಾನುವಾರ ಬೆಳಿಗ್ಗೆ ಕಾಲೋನಿಯವರೆಲ್ಲ ಬಾಲ್ಕನಿಗೆ ಬಂದು ನೋಡಿದರು. ಇಲಾಖೆಯ ನಾಲ್ವರು ಕೆಲಸಗಾರರು, ರೇವತಿಯವರ ಪಿ.ಜಿ.ಯ ಗಟ್ಟಿ ಕುರ್ಚಿಯಲ್ಲಿ ಸೀತಾಲಕ್ಷ್ಮಿಯವರನ್ನು ಕೂರಿಸಿ, ಒಂದೊಂದೇ ಮೆಟ್ಟಿಲು ಇಳಿಸಿದರು. ತೊಡೆಯ ಮೇಲೆ ಶಾಲು. ಮುಂದೆ ಶ್ರೀನಿವಾಸ್, “ಮೆತ್ತಗೆ, ಮೆತ್ತಗೆ, ಎಡಗಾಲು ತಗಲಬಾರದು” ಎನ್ನುತ್ತ.

“ಇವರೆಲ್ಲ ಯಾರು ರೀ?” ಎಂದರು ಸೀತಾಲಕ್ಷ್ಮಿ.

“ಕೆರೆಯವರು,” ಎಂದರು ಗುರುರಾಜರು.

ಕೆಳಗಿನ ತಿರುವಿನಲ್ಲಿ ಶ್ರೀನಿವಾಸ್ ಧೈರ್ಯ ಮಾಡಿ ಕೇಳಿದರು: “ಮೇಡಂ ಯಾವ ಬ್ಯಾಚು?”

“ಎಂಬತ್ತೊಂಬತ್ತು. ಇನ್ಶೂರೆನ್ಸ್ ಆಫೀಸು, ಕ್ಲೇಮ್ಸ್ ಸೆಕ್ಷನ್ನು.”

“ಗೊತ್ತಾಯ್ತು ಮೇಡಂ,” ಎಂದು ಶ್ರೀನಿವಾಸ್ ಅರ್ಥಪೂರ್ಣವಾಗಿ ನಕ್ಕರು.

ಕುರ್ಚಿಯನ್ನು ದಂಡೆಯ ಮೇಲೆ ಇಟ್ಟರು. ಗುರುರಾಜರು ಸ್ಟ್ಯಾಂಡು ತಗ್ಗಿಸಿ, ದುರ್ಬೀನನ್ನು ಹೆಂಡತಿಯ ಕಣ್ಣಿನ ಎತ್ತರಕ್ಕೆ ತಂದರು. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಚಿನ್ನಪ್ಪ, ರೇವತಿ, ಅಳಿಯಂದಿರು, ಕೆಲಸಗಾರರು ಹಿಂದೆ ಸಾಲಾಗಿ ನಿಂತರು. ಕೊಟ್ಟಿಗೆ ಉಳಿಯುವುದೋ ಬೀಳುವುದೋ, ಮೂರನೇ ಮಹಡಿ ಇರುವುದೋ ಹೋಗುವುದೋ, ಎಲ್ಲ ಈಗ ತೀರ್ಮಾನವಾಗಬೇಕು.

ಸೀತಾಲಕ್ಷ್ಮಿ ಕಣ್ಣಿಟ್ಟರು. ಬಹಳ ಹೊತ್ತು ಅಲುಗಲಿಲ್ಲ. ನೀರಿನ ಮೇಲಿನ ಬೆಳಕು ಒಂದಿಷ್ಟು ಸರಿಯಿತು. ಒಮ್ಮೆ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ದುರ್ಬೀನಿನ ಗಾಜನ್ನೂ ಒರೆಸಿ, ಮತ್ತೆ ಕಣ್ಣಿಟ್ಟರು.

“ಮೇಡಂ,” ಎಂದರು ಶ್ರೀನಿವಾಸ್, ಪುಸ್ತಕ ಬಿಚ್ಚಿ ಹಿಡಿದು. “ಏನು ಅಂತ ಬರ್ಕೊಳ್ಳಲಿ?”

ಸೀತಾಲಕ್ಷ್ಮಿ ಮೂವತ್ತೈದು ವರ್ಷ ಜನರ ಕಷ್ಟವನ್ನು ಕಾಗದಕ್ಕಿಳಿಸಿದವರು. ಹಿಂದೆ ನಿಂತವರ ಉಸಿರು ಕೇಳಿಯೇ ಅವರಿಗೆ ಏನೋ ಹೊಳೆದಿರಬೇಕು. ಕಣ್ಣು ತೆಗೆಯದೆ ಹೇಳಿದರು:

“ಬರ್ಕೊಳ್ಳಿ. ಮರಿ ಮೂರು. ಎರಡು ಬೆನ್ನ ಮೇಲೆ. ಒಂದು ನೀರಲ್ಲಿದೆ, ಹತ್ತೋಕೆ ನೋಡ್ತಿದೆ.”

ಶ್ರೀನಿವಾಸ್ ಬರೆದರು.

“ಜಾರಿ ಬಿತ್ತು.”

ಬರೆದರು.

“ಮತ್ತೆ ಹತ್ತುತಾ ಇದೆ.”

“ಹತ್ತಿತಾ ಮೇಡಂ?” ಎಂದರು ಚಿನ್ನಪ್ಪ, ತಡೆಯಲಾರದೆ.

“ತಡೀರಿ.”

ಇಡೀ ದಂಡೆ ತಡೆಯಿತು. ರೇವತಿ ಚಿನ್ನಪ್ಪನವರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

“ಹತ್ತಿತು.”

ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ಶ್ರೀನಿವಾಸ್ ‘ಹತ್ತಿತು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು.

“ಇನ್ನೊಂದು ಬರ್ಕೊಳ್ಳಿ. ಇವು ದೊಡ್ಡವಾಗಿ ಹಾರೋವರೆಗೂ ಇಲ್ಲಿ ಯಾವ ಯಂತ್ರಾನೂ ಇಳಿಸಬಾರದು. ತೂಬು ಎತ್ತಬಾರದು. ಕಸ ಹಾಕಬಾರದು.”

“ಆಯ್ತು ಮೇಡಂ. ಸೈನು?”

ಸೀತಾಲಕ್ಷ್ಮಿ ಪುಸ್ತಕ ತೆಗೆದುಕೊಂಡು, ಇನ್ಶೂರೆನ್ಸ್ ಆಫೀಸಿನಲ್ಲಿ ಮಾಡುತ್ತಿದ್ದ ಹಾಗೆಯೇ, ಯಾರಿಗೂ ಓದಲಾಗದ ಒಂದು ಸಹಿ ಹಾಕಿ, ದುರ್ಬೀನಿಗೆ ಮರಳಿದರು.

ಆಮೇಲೆ ಚಿನ್ನಪ್ಪ ತಾವೂ ಒಮ್ಮೆ ನೋಡಬಹುದೇ ಎಂದು ಕೇಳಿದರು. ರೇವತಿಯವರೂ ಕೇಳಿದರು. ಕೆಲಸಗಾರರು ಚಪ್ಪಲಿ ಕಳಚಿ ನಿಂತರು. ಪಿ.ಜಿ.ಯ ಹುಡುಗಿಯರು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಂದರು. ಶ್ರೀನಿವಾಸ್ ಎಲ್ಲರನ್ನೂ ಕಾಲುದಾರಿಯ ಉದ್ದಕ್ಕೂ ಸಾಲು ನಿಲ್ಲಿಸಿದರು.

ಆಗಲೇ ಗುರುರಾಜರಿಗೆ ಒಂದು ವಿಷಯ ನೆನಪಾದದ್ದು. ಆರು ದಿನ ಅವರು ನೋಡಿದ್ದು ಪರದೆಯನ್ನು. ಚಂದ್ರ ಸಣ್ಣದಾಯಿತೇ, ದೊಡ್ಡದಾಯಿತೇ, ಅಂಚು ಕಪ್ಪಾಯಿತೇ ಎಂದು. ಆ ದುರ್ಬೀನಿಗೆ ಅವರು ತಮ್ಮ ಕಣ್ಣನ್ನು ಒಮ್ಮೆಯೂ ಇಟ್ಟಿರಲಿಲ್ಲ.

“ಸೀತಾ,” ಎಂದು ಮುಂದೆ ಬಂದರು. “ಒಂದೇ ಒಂದ್ಸಲ ನಾನು...”

“ಸಾರ್, ಸಾರ್,” ಎಂದು ಶ್ರೀನಿವಾಸ್ ವಿನಯದಿಂದ ಕೈ ಅಡ್ಡ ಹಿಡಿದರು. “ಕ್ಯೂನಲ್ಲಿ ಬನ್ನಿ ಸಾರ್. ಮೇಡಂ ಇನ್ನೂ ನೋಡ್ತಿದಾರೆ.”

ಗುರುರಾಜರು ಸಾಲಿನ ಕೊನೆಗೆ ಹೋಗಿ ನಿಂತರು. ಮುಂದೆ ಹದಿನಾರು ಜನ. ಯಾರಿಗೂ ಅವಸರವಿರಲಿಲ್ಲ. ಸಾಲು ಕಂಡು, ಪೇಪರ್ ಹಾಕುವವನೊಬ್ಬ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಓಡಿ ಬಂದು ಅವರ ಹಿಂದೆ ನಿಂತ.

“ಏನ್ ಕೊಡ್ತಾವ್ರೆ ಸಾರ್ ಇಲ್ಲಿ?”

“ಏನೂ ಕೊಡಲ್ಲ,” ಎಂದರು ಗುರುರಾಜರು. “ಹಕ್ಕಿ ನೋಡೋಕೆ.”

“ಓ, ಹೌದಾ,” ಎಂದು ಆತ ಕೂಡಲೇ ನಂಬಿ, ಹಿಂದೆಯೇ ನಿಂತುಕೊಂಡ.